ಮೊದಲ ಬೇಸಿನಲ್ಲಿ ಏಳದ ಕೈ

೧
ಎಲ್ಲಿಂದ ಶುರು ಮಾಡಲಿ? ಸಾಫ್ಟ್‌ಬಾಲ್‌ನಿಂದ ಶುರು ಮಾಡಿದರೆ ಅರ್ಧ ಜನ ಓದುವುದಿಲ್ಲ. ಸಾವಿನಿಂದ ಮಾಡಿದರೆ ನನಗೇ ಬರೆಯಲಾಗುವುದಿಲ್ಲ. (ಮೊದಲ ಡ್ರಾಫ್ಟು ಹಾಗೇ ಇತ್ತು. ಹರಿದೆ.)

೨
ಸರಿ, ಅಂಪೈರುಗಳಿಂದ. ಡೊಂಬಿವಲಿಯ ಸುಗುಣಾ ಮತ್ತು ಯೋಗೀಶ್ ಗಂಡಹೆಂಡತಿ, ಇಬ್ಬರೂ ಸಾಫ್ಟ್‌ಬಾಲ್ ಅಂಪೈರುಗಳು. ಮಗಳು ದಿಶಾ ಲೋಕಲ್ ಟ್ರೇನಿನಿಂದ ಬಿದ್ದು ತೀರಿಕೊಂಡು ಹದಿನಾಲ್ಕು ತಿಂಗಳು. ಜೊತೆಗಿದ್ದವರು ಯೋಗೀಶ್. ‘ಹಿಡಿಯಲು ಹೋದೆ, ಕೈ ಸಿಗಲಿಲ್ಲ’ ಎಂದು ಪೊಲೀಸರಿಗೂ ನೆಂಟರಿಗೂ ಹೇಳಿದ್ದರು. ಆಮೇಲೆ ಮನೆಯಲ್ಲಿ ಮಾತು ನಿಂತಿತು. ಮೈದಾನದಲ್ಲಿ ಮಾತ್ರ ಕೈಸನ್ನೆ ಉಳಿಯಿತು.

(ಒಳ್ಳೆಯ ರೂಪಕ ಸಿಕ್ಕಿತೆಂದು ನಾನು ಖುಷಿಪಟ್ಟೆ. ಸುಗುಣಾ ಗದರಿದರು: “ರೂಪಕ ಎಂತದ್ದು ಮಾರಾಯ್ರೆ? ಅದು ನಮ್ಮ ಡ್ಯೂಟಿ.”)

೩
ಸೀವುಡ್ಸ್ ಹತ್ತಿರದ ಮೈದಾನದಲ್ಲಿ ಹುಡುಗಿಯರ ಸೆಮಿಫೈನಲ್. ಚೆಂಡು ಗುರಿಯ ಹೊರಗೆ ಹೋಯಿತು, ಕ್ಯಾಚರಿನ ಹಿಂದೆ ನಿಂತಿದ್ದ ಸುಗುಣಾ ‘ಬಾಲ್’ ಎಂದರು, ಅಂದರೆ ಎಸೆತ ಸರಿಯಿಲ್ಲ. ಆಡುವವಳು ಬ್ಯಾಟು ಬೀಸಿದ್ದಾಳೆ, ಅವಳ ವಿರುದ್ಧ ಸ್ಟ್ರೈಕ್ ಕೊಡಿ ಎಂದು ಕ್ಯಾಚರ್ ಹಟ ಹಿಡಿದಳು. ಸುಗುಣಾ ನಿಯಮದಂತೆ ಮೊದಲ ಬೇಸಿನ ಬಳಿಯಿದ್ದ ಗಂಡನತ್ತ ಕೈ ಚಾಚಿ ಕೇಳಿದರು. ಬೀಸಿದ್ದರೆ ಅವರು ಮುಷ್ಟಿ ಎತ್ತಬೇಕು, ಇಲ್ಲದಿದ್ದರೆ ಎರಡೂ ಕೈ ಅಗಲಿಸಬೇಕು.

ಯೋಗೀಶರ ಕೈ ಏಳಲೇ ಇಲ್ಲ.

ಕೋಚುಗಳು ಕೂಗತೊಡಗಿದರು. ಸುಗುಣಾ ಮುಖದ ಜಾಲರಿ ಮಾಸ್ಕ್ ತೆಗೆದು ಗಂಡನ ಬಳಿಗೆ ನಡೆದರು.

“ಬೀಸಿದ್ಲಾ, ಇಲ್ವಾ?”

“ನಾನು ನೋಡ್ಲಿಲ್ಲ.”

“ಎದುರೇ ಇದ್ರಲ್ಲ?”

“ಅವತ್ತು ಸಹ ಎದುರೇ ಇದ್ದೆ. ನೋಡ್ಲಿಲ್ಲ ಸುಗುಣಾ. ಹಿಡಿಯಲಿಕ್ಕೂ ಹೋಗ್ಲಿಲ್ಲ. ಮೊಬೈಲ್ ನೋಡ್ತಾ ಇದ್ದೆ. ಜನ ಕೂಗಿದ ಮೇಲೆ ತಲೆ ಎತ್ತಿದ್ದು.”

೪
ಮುಕ್ತಾಯ ಎ: ಸುಗುಣಾ ಗಂಡನ ಕೈ ಹಿಡಿಯುತ್ತಾರೆ. ಬರೆದು ತೋರಿಸಿದೆ. “ಬೇಕಾದ್ರೆ ನೀವೇ ಹಿಡೀರಿ” ಎಂದರು.

ಮುಕ್ತಾಯ ಬಿ: ಕೆನ್ನೆಗೆ ಹೊಡೆಯುತ್ತಾರೆ. ಅದಕ್ಕೂ ಅವರಲ್ಲಿ ತ್ರಾಣವಿರಲಿಲ್ಲ.

ನಡೆದದ್ದು ಇಷ್ಟೇ. ಅವರು ಮರಳಿ ಹೋಗಿ ತಮ್ಮ ಮೊದಲ ತೀರ್ಪನ್ನೇ ಉಳಿಸಿದರು, ಮಾಸ್ಕ್ ಹಾಕಿಕೊಂಡರು, ಪಂದ್ಯ ಮುಗಿಸಿದರು. ಒಳಗೆ ಅತ್ತರೋ ಎಂದು ಕೇಳಬೇಡಿ, ಮಾಸ್ಕಿನೊಳಕ್ಕೆ ಇಣುಕುವ ಧೈರ್ಯ ನನಗಿಲ್ಲ.

೫
ಸಂಜೆ ಮನೆಗೆ ಮರಳುವಾಗ ಠಾಣೆ ರೈಲು ನಿಲ್ದಾಣದಲ್ಲಿ ಗಾಡಿ ಬದಲಿಸಬೇಕಿತ್ತು. ಡೊಂಬಿವಲಿಯ ಲೋಕಲ್ ಬಂದಾಗ ಸುಗುಣಾ ಲೇಡೀಸ್ ಡಬ್ಬಿ ಹತ್ತಿದರು. ಯೋಗೀಶ್ ಹತ್ತಲಿಲ್ಲ. ಇನ್ನೊಂದು ಬಂತು, ಹೋಯಿತು. ಮತ್ತೊಂದು. ನಾನು ಹೋಗಿ ಬೆಂಚಿನಲ್ಲಿ ಅವರ ಪಕ್ಕ ಕೂತೆ.

“ಸರ್, ನಿಮ್ಮನ್ನು ಇಲ್ಲಿ ಬಿಟ್ಟು ಕಥೆ ಮುಗಿಸೋದು ಹೇಗೆ?”

“ಮುಗಿಸ್ಬೇಡಿ” ಎಂದರು ಯೋಗೀಶ್. “ಮುಗಿದ್ರೆ ನಾನು ಮನೆಗೆ ಹೋಗ್ಬೇಕಾಗ್ತದೆ.”