ಸಂಘದ ಬಾಗಿಲಿನ ಹಗ್ಗ

ಬೀಗ ತಯಾರಕರ ಸಂಘದ ಕಚೇರಿಗೆ ಬೀಗವಿರಲಿಲ್ಲ. ಆರು ವರ್ಷದಿಂದ ಅದರ ಬಾಗಿಲನ್ನು ನಾರಿನ ಹಗ್ಗದಿಂದ ಬಿಗಿದು ಗಂಟು ಹಾಕುತ್ತಿದ್ದರು. ಸದಸ್ಯರು ಇಪ್ಪತ್ತೆರಡು ಜನ, ಎಲ್ಲರೂ ಬೀಗ ಮಾಡುವವರೇ. ಒಬ್ಬನ ಬೀಗ ಹಾಕಿದರೆ ಉಳಿದ ಇಪ್ಪತ್ತೊಂದು ಜನ ಮುಖ ಊದಿಸಿಕೊಳ್ಳುತ್ತಾರೆ. ಹೊರಗಿನ ಕಂಪನಿಯ ಬೀಗ ಹಾಕಿದರೆ ಇಪ್ಪತ್ತೆರಡೂ ಜನರ ಮಾನ ಹೋಗುತ್ತದೆ. ಹಾಗಾಗಿ ಹಗ್ಗವೇ ಗತಿಯಾಗಿತ್ತು. ಒಳಗೆ ಕದಿಯುವಂಥದ್ದೇನೂ ಇರಲಿಲ್ಲ ಬಿಡಿ: ಮೂರು ಕುರ್ಚಿ, ಹಿಂದಿನ ಅಧ್ಯಕ್ಷರ ಭಾಷಣಗಳ ಒಂದು ಕಟ್ಟು.

ಆ ಇಪ್ಪತ್ತೆರಡರಲ್ಲಿ ಪರದೆ ಯಜಮಾನ ಒಬ್ಬ. ಅವನ ಕಾರ್ಖಾನೆಯ ಹಿಂಭಾಗಕ್ಕೆ ಅಡ್ಡಲಾಗಿ ದಪ್ಪನೆಯ ನೀಲಿ ಪರದೆಯೊಂದು ತೂಗುತ್ತಿದ್ದುದರಿಂದ ಆ ಹೆಸರು. ಕೆಲಸದವರು ಜೋಡಿಸಿದ ಬೀಗಗಳನ್ನು ಪರದೆಯ ಅಂಚಿನವರೆಗೆ ತಂದು ಕೊಡಬೇಕು. ಮೂರು ದಿನದ ಮೇಲೆ ಅವು ಕಪ್ಪಗೆ ಮಿರಮಿರ ಮಿಂಚುತ್ತ ಹೊರಗೆ ಬರುತ್ತಿದ್ದವು. ನಡುವೆ ಏನಾಗುತ್ತದೆಂಬುದು ಅವನ ಅಪ್ಪನಿಗೆ ಗೊತ್ತಿತ್ತು, ಈಗ ಅವನಿಗೆ ಗೊತ್ತು, ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಒಮ್ಮೆ, ಅಲ್ಲೇನು ನಿಧಿ ಹೂತಿಟ್ಟಿದ್ದೀರಾ ಎಂದು ಕೇಳಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ. ಆಮೇಲೆ ಆಕೆಗೇ ಆ ಪರದೆಯ ಮೇಲಿನ ಆಸಕ್ತಿ ಹೊರಟುಹೋಯಿತು.

ರಸ್ತೆಯ ಆಚೆ ಬದಿಯಲ್ಲಿ ಇನ್ನೊಂದು ಬೀಗದ ಕಾರ್ಖಾನೆ, ಅಲ್ಲಿಯೂ ಒಂದು ಪರದೆ, ಹಸಿರು ಬಣ್ಣದ್ದು. ಅದರ ಮಾಲೀಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇರಬೇಕು, ಆದರೆ ಯಜಮಾನನ ಮನೆಯಲ್ಲಿ ಅವನು ಬರೀ "ಎದುರಿನವನು". ಅವನ ಮನೆಯಲ್ಲಿ ಇವನೂ ಎದುರಿನವನೇ. ಇಬ್ಬರೂ ಮಾತಾಡಿ ಇಪ್ಪತ್ತಾರು ವರ್ಷವಾಗಿತ್ತು. ಜಗಳ ಅಪ್ಪಂದಿರ ಕಾಲದ್ದು, ಏನೋ ಕಳವಿನ ವಿಷಯ, ಕದ್ದದ್ದು ಏನೆಂದು ಮಾತ್ರ ಯಾರಿಗೂ ಸರಿಯಾಗಿ ನೆನಪಿಲ್ಲ. ನೆನಪಿಲ್ಲವೆಂದು ಜಗಳ ಬಿಡುವಷ್ಟು ಧಾರಾಳಿಗಳು ಯಾರೂ ಆಗಿರಲಿಲ್ಲ.

ಈ ವರ್ಷ ಯಜಮಾನನಿಗೆ ನೀರು ಕುತ್ತಿಗೆಗೆ ಬಂದಿತ್ತು. ವಿದ್ಯಾರ್ಥಿ ನಿಲಯಗಳನ್ನು ಕಟ್ಟಿಸುವ ಕಂಪನಿಯೊಂದಕ್ಕೆ ಮೂರು ಸಾವಿರ ಬೀಗ ಬೇಕಿತ್ತು. ಹೋದ ವರ್ಷವೂ ಅವರು ಕೇಳಿದ್ದರು, ಇವನು ಮಾದರಿಗೆಂದು ನೂರು ಬೀಗ ಕೊಟ್ಟಿದ್ದ. ಅದರಲ್ಲಿ ಹನ್ನೊಂದು ಕಚ್ಚಿಕೊಂಡು ಕುಳಿತವು. ಹುಡುಗರು ಆಗಾಗ ಕೋಣೆಯ ಒಳಗೆ ಹೋಗಿ ನಿದ್ದೆಯನ್ನೂ ಮಾಡಬೇಕಾಗುತ್ತದೆ ಎಂದು ಕಂಪನಿಯವರು ಬಹಳ ಮರ್ಯಾದೆಯಿಂದ ಪತ್ರ ಬರೆದರು. ಈ ಸಲವೂ ಕೈತಪ್ಪಿದರೆ ಕಾರ್ಖಾನೆ ಮುಚ್ಚುವುದೆಂದು ಗಂಡ ಹೆಂಡತಿ ತೀರ್ಮಾನಿಸಿ ಆಗಿತ್ತು. ಮುಚ್ಚಿದ ಮೇಲೆ ಹೋಗಬೇಕಾದದ್ದು ಭಾವಮೈದುನನ ಟೈಲ್ಸ್ ಅಂಗಡಿಗೆ. ಅಲ್ಲಿ ಇವನಿಗಾಗಿ ಒಂದು ಕುರ್ಚಿ ಬಂದು ಕೂತಿತ್ತು. ಪ್ರತಿ ಭಾನುವಾರ ಭಾವಮೈದುನ ಫೋನು ಮಾಡಿ, "ಮೆತ್ತೆ ಕೂಡ ಹಾಕ್ಸಿದೀನಿ ಭಾವ" ಎನ್ನುತ್ತಿದ್ದ. ಪಾಪ, ಅವನ ಮನಸ್ಸು ಒಳ್ಳೆಯದೇ. ಆದರೆ ಆ ಮೆತ್ತೆಯ ಮೇಲೆ ಕೂತು, ಬಂದವರಿಗೆ ಎರಡು ಬಿಳಿ ಟೈಲ್ಸುಗಳ ನಡುವಿನ ವ್ಯತ್ಯಾಸ ವಿವರಿಸುವ ತನ್ನನ್ನು ನೆನೆದರೆ ಯಜಮಾನನಿಗೆ ಅನ್ನ ಇಳಿಯುತ್ತಿರಲಿಲ್ಲ.

ಅದೇ ಹೊತ್ತಿಗೆ ಸಂಘಕ್ಕೆ ಹೊಸ ಕಾರ್ಯದರ್ಶಿ ಬಂದರು. ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಮೂವತ್ತು ವರ್ಷ ಬೇರೆಯವರು ಮಾಡಿದ್ದನ್ನು ಮುರಿದು ನೋಡಿ ನಿವೃತ್ತರಾದ ಹೆಂಗಸು. ದಾಕ್ಷಿಣ್ಯ ಎಂಬುದು ಅವರ ಬಳಿ ಸುಳಿದಿರಲಿಲ್ಲ. ಮೊದಲ ಸಭೆಯಲ್ಲೇ ಭಾಷಣಗಳ ಕಟ್ಟನ್ನು ರದ್ದಿಗೆ ಹಾಕಿದರು. ಎಲ್ಲರ ಚಂದಾ ಒಟ್ಟುಗೂಡಿಸಿ, ಬೀಗವನ್ನು ಹತ್ತು ಸಾವಿರ ಸಲ ತಾನೇ ತೆರೆದು ಮುಚ್ಚಿ, ಅದು ಯಾವಾಗ ಕಚ್ಚಿಕೊಳ್ಳುತ್ತದೆಂದು ತೋರಿಸುವ ಯಂತ್ರವೊಂದನ್ನು ತರಿಸಿದರು. ಒಬ್ಬೊಬ್ಬರೇ ಆಗಿದ್ದರೆ ಅದರ ಹಿಡಿಯನ್ನೂ ಕೊಳ್ಳಲಾಗುತ್ತಿರಲಿಲ್ಲ. ಯಂತ್ರಕ್ಕೆ ಬೀಗ ಕೊಡುವವರಿಗೆ ಒಂದೇ ಷರತ್ತು: ತಮ್ಮ ಕಾರ್ಖಾನೆಯನ್ನು ಉಳಿದ ಸದಸ್ಯರಿಗೆ ಒಮ್ಮೆ ಪೂರ್ತಿ ತೋರಿಸಬೇಕು.

"ಪರದೆ ಸಮೇತ ತಾನೇ?" ಎಂದು ಯಜಮಾನ ಕೇಳಿದ.

"ಪರದೆ ತೆಗೆದು," ಎಂದರು ಕಾರ್ಯದರ್ಶಿ.

ಅವನು ಎದ್ದು ಹೊರಟ. ಬಾಗಿಲು ದಾಟಿದ ಮೇಲೆ ಸಿಟ್ಟಿನಲ್ಲೇ ಹಗ್ಗ ಬಿಗಿದು ಗಂಟು ಹಾಕಿಬಿಟ್ಟ. ಕಾರ್ಯದರ್ಶಿಯೂ ಸೇರಿ ಒಳಗಿದ್ದ ಇಪ್ಪತ್ತೆರಡು ಜನ ಹೊರಗೆ ಬರಲು ಬೀದಿಯವರನ್ನು ಕೂಗಬೇಕಾಯಿತು. ಮೂರು ದಿನ ಬಿಗುಮಾನದಲ್ಲಿದ್ದ. ನಾಲ್ಕನೆಯ ದಿನ ಭಾನುವಾರ, ಭಾವಮೈದುನ ಫೋನು ಮಾಡಿ ಮೆತ್ತೆಗೆ ಯಾವ ಬಣ್ಣದ ಬಟ್ಟೆ ಎಂದು ಕೇಳಿದ. ಯಜಮಾನ ಚಪ್ಪಲಿ ಮೆಟ್ಟಿಕೊಂಡು ಸೀದಾ ಸಂಘಕ್ಕೆ ಹೋಗಿ ಒಪ್ಪಿಕೊಂಡ. ಆದರೆ ಎದುರಿನವನು ಮೊದಲು ತೋರಿಸಬೇಕು ಎಂದ. ಎದುರಿನವನೂ ಅದೇ ಮಾತು ಹೇಳಿ ಹೋಗಿದ್ದನಂತೆ. ಕಾರ್ಯದರ್ಶಿ ಚೀಟಿ ಎತ್ತಿಸಿದರು, ಎದುರಿನವನ ಹೆಸರು ಬಂತು. ಯಜಮಾನನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು.

ಎಲ್ಲರೂ ಗುಂಪಾಗಿ ಹೋದರು. ಎದುರಿನವನು ಗಲ್ಲಿಗೇರುವವನ ಮುಖ ಮಾಡಿಕೊಂಡು ಹಸಿರು ಪರದೆ ಸರಿಸಿದ. ಹಿಂದೆ ಒಂದು ಒಲೆ, ಒಲೆಯ ಮೇಲೆ ಕಬ್ಬಿಣದ ಪಾತ್ರೆ, ಪಕ್ಕದ ಮೊಳೆಗೆ ಉದ್ದ ಹಿಡಿಯ ಸೌಟು. ಯಜಮಾನ ತನ್ನ ಕಾರ್ಖಾನೆಗೇ ಯಾವ ದಾರಿಯಿಂದಲೋ ಮರಳಿ ಬಂದುಬಿಟ್ಟೆನೇ ಎಂದು ಒಂದು ಕ್ಷಣ ಗಾಬರಿಯಾದ.

ಪಾತ್ರೆಯಲ್ಲೇನು ಎಂದು ಕಾರ್ಯದರ್ಶಿ ಕೇಳಿದರು. ಎದುರಿನವನು ತಲೆ ತಗ್ಗಿಸಿ, ಬೀಗ ಅದ್ದುವ ಎಣ್ಣೆ, ಅಪ್ಪ ಹೇಳಿಕೊಟ್ಟದ್ದು ಎಂದ. ಬಿಡಿಸಿ ಹೇಳಿ ಎಂದರು.

"ಹರಳೆಣ್ಣೆ," ಎಂದ. ತಡೆದ. "ಜೇನುಮೇಣ." ಮತ್ತೆ ತಡೆದ. ಇಡೀ ಸಂಘ ಒಂದು ಹೆಜ್ಜೆ ಮುಂದೆ ಬಂತು. "ಆಮೇಲೆ ಒಂದು ಚಿಟಿಕೆ ದೀಪದ ಮಸಿ."

"ದೀಪದ್ದಲ್ಲ, ಒಲೆ ಮಸಿ," ಎಂದ ಯಜಮಾನ.

ಮಾತು ತನ್ನ ಬಾಯಿಂದಲೇ ಬಂದದ್ದೆಂದು ಅವನಿಗೆ ತಿಳಿದದ್ದು ಎಲ್ಲರೂ ತಿರುಗಿ ನೋಡಿದಾಗ. ಎರಡು ತಲೆಮಾರು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ ಗುಟ್ಟು, ಎದುರಿನವನ ತಪ್ಪು ತಿದ್ದುವ ಚಪಲಕ್ಕೆ ಹಾರಿಹೋಯಿತು. ಎದುರಿನವನು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನ ಮುಖ ನೋಡಿ ಮಾತಾಡಿದ.

"ನಿಮ್ಮಪ್ಪ ಇದನ್ನ ನಮ್ಮಪ್ಪನಿಂದ ಕದ್ರು."

"ನಮ್ಮಪ್ಪನೂ ಇದನ್ನೇ ಹೇಳ್ತಿದ್ರು. ನಿಮ್ಮಪ್ಪ ಕದ್ರು ಅಂತ."

ಕಾರ್ಯದರ್ಶಿ ಇಬ್ಬರ ಬೀಗಗಳನ್ನೂ ಎರಡೆರಡು ತೆಗೆದುಕೊಂಡು, ಒಂದೊಂದನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದು, ಎಲ್ಲವನ್ನೂ ಯಂತ್ರಕ್ಕೆ ಹಾಕಿದರು. ಗುಟ್ಟಿನ ಎಣ್ಣೆ ಕುಡಿದ ಬೀಗಗಳು ನಾನೂರು ಸಲ ತಿರುಗುವಷ್ಟರಲ್ಲಿ ಅಂಟು ಅಂಟಾಗಿ ಕಚ್ಚಿಕೊಂಡವು. ತೊಳೆದವು ಹತ್ತು ಸಾವಿರ ಮುಗಿಸಿ ಇನ್ನೂ ತಿರುಗುತ್ತೇವೆ ಎಂಬಂತಿದ್ದವು.

"ಯಾರು ಯಾರಿಂದ ಕದ್ರೋ ಗೊತ್ತಿಲ್ಲ," ಎಂದರು ಅವರು. "ಕೆಟ್ಟ ಮಾಲು ಕದ್ದಿದಾರೆ."

ಎಲ್ಲರೂ ನಕ್ಕರು. ಯಜಮಾನನಿಗೆ ನಗು ಬರಲಿಲ್ಲ. ಸಾಯುವ ಮುನ್ನ ಅಪ್ಪ ಅವನ ಕೈ ಹಿಡಿದು ಹೇಳಿದ ಕೊನೆಯ ಮಾತು ಮಸಿಯ ಅಳತೆಯಾಗಿತ್ತು. ಅದಕ್ಕಿಂತ ಬೇರೇನಾದರೂ ಹೇಳಬಹುದಿತ್ತಲ್ಲ ಎಂದು ಬೇಸರವಾಯಿತು, ಕಣ್ಣು ತೇವವಾಯಿತು. ಪಕ್ಕಕ್ಕೆ ನೋಡಿದರೆ ಎದುರಿನವನೂ ಕಣ್ಣು ಒರೆಸಿಕೊಳ್ಳುತ್ತಿದ್ದ. ಬೇರೆ ಯಾರಿಗೂ ಅರ್ಥವಾಗದ ದುಃಖ ಅವನಿಗೊಬ್ಬನಿಗೆ ಅರ್ಥವಾಗಿತ್ತು.

ಮರುದಿನ ನೀಲಿ ಪರದೆಯೂ ಇಳಿಯಿತು. ಮೂರು ಸಾವಿರ ಬೀಗ ಆರು ವಾರದಲ್ಲಿ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಎದುರಿನವನ ಅಚ್ಚಿನಲ್ಲಿ ಬೀಗದ ಮೈ ಚೆನ್ನಾಗಿ ಬರುತ್ತಿತ್ತು, ಯಜಮಾನನ ಅರದ ಕೆಳಗೆ ಕೀಲಿಯ ಹಲ್ಲು ಚೆನ್ನಾಗಿ ಬರುತ್ತಿತ್ತು. ಕಾರ್ಯದರ್ಶಿ ಕೆಲಸ ಹಂಚಿದರು, ಕಂಪನಿಗೆ ಸಂಘದ ಹೆಸರಿನಲ್ಲೇ ಪತ್ರ ಬರೆದರು. ನೂರು ಮಾದರಿ ಸಿದ್ಧವಾದ ದಿನ ಕಂಪನಿಯ ಅಧಿಕಾರಿ ಸಂಘದ ಕಚೇರಿಗೇ ಬಂದು ಒಂದೊಂದಾಗಿ ತೆಗೆದು ನೋಡಿದ. ಎಂಬತ್ತೊಂಬತ್ತು ಆಯಿತು. ಅಲ್ಲಿಂದಾಚೆಯ ಹನ್ನೊಂದಕ್ಕೆ ಯಜಮಾನ ಗೋಡೆಯ ಕಡೆ ಮುಖ ಮಾಡಿ ನಿಂತು ಬರೀ ಕಿವಿಯಿಂದ ಎಣಿಸಿದ. ನೂರನೆಯದೂ ಟಕ್ಕೆಂದು ತೆರೆಯಿತು. ಆರ್ಡರು ಅವರದಾಯಿತು.

ಅಧಿಕಾರಿ ಹೊರಡುವಾಗ ಬಾಗಿಲ ಬಳಿ ನಿಂತು, ನೂರು ಬೀಗ ಇಟ್ಟುಕೊಂಡು ಇದಕ್ಕೇಕೆ ಹಗ್ಗ ಎಂದು ಕೇಳಿದ. ಕಾರ್ಯದರ್ಶಿ ಮೇಜಿನಿಂದ ಒಂದು ಬೀಗ ತಂದು, ಹಗ್ಗ ಬಿಚ್ಚಿ ಎಸೆದು, ಅದನ್ನು ಚಿಲಕಕ್ಕೆ ತೂಗುಹಾಕಿದರು. ಹಿಂದಿನಿಂದ ಸದಸ್ಯನೊಬ್ಬ ಮುಖ ಊದಿಸಿಕೊಳ್ಳಲು ತಯಾರಾಗಿಯೇ, ಇದು ಯಾರ ಬೀಗ ಎಂದ.

"ಎದುರಿನವರದ್ದು," ಎಂದರು ಯಜಮಾನ, ಎದುರಿನವನು ಇಬ್ಬರೂ ಒಟ್ಟಿಗೆ.

ಆ ಭಾನುವಾರ ಭಾವಮೈದುನನಿಗೆ ಯಜಮಾನನೇ ಫೋನು ಮಾಡಿದ. ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿಕೋ ಎಂದು ಹೇಳಿ, ಆಮೇಲೆ ಸ್ವಲ್ಪ ಸಂಕೋಚದಿಂದ ಸೇರಿಸಿದ.

"ಆ ಮೆತ್ತೆ ಮಾತ್ರ ಕಳಿಸಪ್ಪಾ. ಎದುರಿನವರು ದಿನಾ ಇಲ್ಲೇ ಬಂದು ಕೂರ್ತಾರೆ. ಪಾಪ, ಅವರಿಗೆ ಬೆನ್ನು ನೋವು."