ಮೂವತ್ತೊಂಬತ್ತನೇ ಪುಟ

ಬಿಡುಗಡೆಯಾದ ದಿನ ನಾಗಮಣಿ ಮಾಡಿದ ಮೊದಲ ತಪ್ಪು ಅಂದರೆ ಗುಂಡ್ಲುಪೇಟೆ ಬಸ್ಸು ಹತ್ತಿದ್ದು. ಹತ್ತದೆ ಇನ್ನೇನು ಮಾಡಿಯಾಳು ಹೇಳಿ? ಗಂಡನಿಗೆ ವಿಷ ಹಾಕಿದವಳು ಅನ್ನಿಸಿಕೊಂಡು ಹತ್ತು ವರ್ಷ ಮೈಸೂರಿನ ಜೈಲಿನಲ್ಲಿದ್ದಳು. ಈಗ ಹೈಕೋರ್ಟು 'ಈಕೆ ಹಾಕಿಲ್ಲ' ಅಂತ ಬಿಟ್ಟು ಕಳಿಸಿತ್ತು. ಹೆತ್ತವಳ ಕಾಲು ಮಗಳಿದ್ದ ಕಡೆಗೆ ತಾನೆ ಹೋಗುವುದು? ಗುಂಡ್ಲುಪೇಟೆಯಲ್ಲಿ ಇಳಿದು, ಎರಡು ಮೊಳ ಮಲ್ಲಿಗೆ ಕೊಂಡು, ಇನ್ನೊಂದು ಬಸ್ಸು ಹಿಡಿದು ಮಧ್ಯಾಹ್ನದ ಹೊತ್ತಿಗೆ ತೆರಕಣಾಂಬಿಯ ಗಂಡನ ಮನೆ ಮುಂದೆ ನಿಂತಳು. ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಐವತ್ತೆರಡು ಪುಟದ ಇಂಗ್ಲಿಷ್ ತೀರ್ಪು.

ಬಾಗಿಲು ತೆರೆದದ್ದು ರಂಗರಾಜು, ಗಂಡನ ಅಣ್ಣ. ಅವತ್ತು ಪೊಲೀಸಿಗೆ ಕಂಪ್ಲೇಂಟು ಕೊಟ್ಟವನೂ ಅವನೇ, ಹತ್ತು ವರ್ಷ ಅವಳ ಮಗಳನ್ನು ಸಾಕಿದವನೂ ಅವನೇ. ಅವನು ಕೆಟ್ಟವನಾಗಿದ್ದಿದ್ದರೆ ನನಗೂ ಕಥೆ ಹೇಳುವುದು ಸಲೀಸಾಗುತ್ತಿತ್ತು. ಕೆಟ್ಟವನಲ್ಲ, ತಮ್ಮನನ್ನು ಕಳಕೊಂಡವನು.

"ಭಾವ, ಕೋರ್ಟು ಬುಟ್ಬುಡ್ತು. ಕಾಗ್ದ ನೋಡಿ," ಅಂತ ನಾಗಮಣಿ ಕವರು ಚಾಚಿದಳು.

ಅವನು ಕೊನೇ ಪುಟ ಮಾತ್ರ ತಿರುವಿ ನೋಡಿ ವಾಪಸ್ಸು ಕೊಟ್ಟ. "ಕೋರ್ಟು ಬುಟ್ರೆ ನಾವು ಬುಟ್ಟಂಗಾಯ್ತಾ? ಒಳೀಕ್ ಬರ್ಬ್ಯಾಡ."

"ನನ್ ಮಗ್ಳು?"

"ರಂಜಿನಿ ಇಲ್ಲಿಲ್ಲ. ಚಾಮ್ರಾಜ್ನಗರದಲ್ಲವ್ಳೆ, ಕಾಲೇಜು ಆಸ್ಟ್ಲಲ್ಲಿ." ಅವನ ದನಿ ಸ್ವಲ್ಪ ಇಳಿಯಿತು. "ನಿನ್ನ ಎಸ್ರೆತ್ತುದ್ರೆ ಎದ್ದು ಒಂಟೋಯ್ತಳೆ. ಅವ್ಳ ತಂಟೆಗೋಗ್ಬ್ಯಾಡ ಕಣಮ್ಮಿ, ಓದ್ಕೊಳ್ಳಿ."

ಬಾಗಿಲು ಮುಚ್ಚಿತು. ಹೆಸರೆತ್ತಿದರೆ ಎದ್ದು ಹೋಗುತ್ತಾಳೆ ಅಂದರೆ ಏನು? ಅವ್ವನೇ ಅಪ್ಪನನ್ನು ಕೊಂದಳು ಅಂತ ನಂಬಿಬಿಟ್ಟಿದ್ದಾಳೆ, ನನ್ನ ಕಂಡರೆ ಭಯ. ನಾಗಮಣಿಗೆ ಹೊಳೆದದ್ದು ಅಷ್ಟೆ. ಮಲ್ಲಿಗೆಯನ್ನು ಜಗಲಿಯ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ನಡೆದಳು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ಗಾದೆ ಮಾಡಿದವರೇನು ದಡ್ಡರೇ?

ಅವತ್ತು ನಡೆದದ್ದು ಇಷ್ಟು. ಗಂಡ ರಾಜಣ್ಣ ಹಗಲೆಲ್ಲ ಚೆಂಡುಹೂವಿನ ಹೊಲಕ್ಕೆ ಔಷಧಿ ಹೊಡೆದಿದ್ದ. ಮೂಗಿಗೊಂದು ಬಟ್ಟೆಯಿಲ್ಲ, ಮೈಮೇಲೆ ಅಂಗಿಯಿಲ್ಲ. ಬಂದವನು ಮುದ್ದೆ, ಉಪ್ಪುಸಾರು ಉಂಡು ಮಲಗಿದ. ಬೆಳಗಾಗುವುದರೊಳಗೆ ಪ್ರಾಣ ಹೋಗಿತ್ತು. ರಕ್ತದಲ್ಲಿ ವಿಷ ಇದೆ ಅಂದರು ಡಾಕ್ಟರು. ಗಂಡಹೆಂಡಿರ ಜಗಳ ಕೇರಿಗೆಲ್ಲ ಗೊತ್ತಿತ್ತು. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ? ವರ್ಷ ಕಳೆದ ಮೇಲೆ ಎಂಟು ವರ್ಷದ ಮಗಳನ್ನು ಸಾಕ್ಷಿಗೆ ನಿಲ್ಲಿಸಿದರು. ಸಾರು ಬಡಿಸಿದ್ದು ಯಾರು ಅಂತ ಕೇಳಿದರು. 'ಅವ್ವ' ಅಂದಿತು ಮಗು. ಆ ಒಂದು ಮಾತು ನಾಗಮಣಿಗೆ ಕೇಳಿಸಿತು. ಆಮೇಲಿನದು ಕೇಳಿಸಲಿಲ್ಲ. ಮಗುವಿನ ಸುತ್ತ ಕರಿಕೋಟುಗಳು ನಿಂತಿದ್ದವು, ದೂರದ ಕಟಕಟೆಯಿಂದ ಅವಳಿಗೆ ಕಂಡದ್ದು ಎರಡು ಜಡೆ ಮಾತ್ರ. ಆ ಎರಡು ಜಡೆಯನ್ನೇ ಆಮೇಲೆ ಜೈಲಿನಲ್ಲಿದ್ದಷ್ಟು ಕಾಲ ನೆನೆದಳು.

ತೆರಕಣಾಂಬಿಯ ಒಂದು ಅಂಗಡಿಯಲ್ಲಿ ಕಾಡಿಬೇಡಿ ಫೋನು ಇಸಕೊಂಡು ನೀಲಾವತಿಗೆ ಮಾಡಿದಳು. ನೀಲಾವತಿ ಚಾಮರಾಜನಗರದ ರಿಟೈರ್ಡ್ ಇಂಗ್ಲಿಷ್ ಟೀಚರು. ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡಿಸುವ ಕಾನೂನು ಸೇವೆಯ ಕೆಲಸಕ್ಕೆ ಆಗಾಗ ಜೈಲಿಗೆ ಬರುತ್ತಿದ್ದವರು, 'ಹೊರಗೆ ಬಂದ ದಿನ ಫೋನ್ ಮಾಡು' ಅಂತ ನಂಬರು ಬರೆದುಕೊಟ್ಟಿದ್ದರು.

"ಮೊದಲೇ ಮಾಡೋಕೇನಾಗಿತ್ತು ನಿನಗೆ?" ಅಂತ ಗದರಿದರು. "ನಗರದ ಬಸ್ಸು ಹತ್ತು. ನಾನು ಸ್ಟ್ಯಾಂಡಲ್ಲಿ ಇರ್ತೀನಿ."

ಇದ್ದರು. ಮನೆಯ ಹಿಂದಿನ ರೂಮು ಕೊಟ್ಟರು, ಚಾಪೆ ಕೊಟ್ಟರು, ಜೊತೆಗೆ ಬೇಕಾದಷ್ಟು ಬೈಗುಳವನ್ನೂ ಕೊಟ್ಟರು. ಮರುದಿನ ಬೆಳಿಗ್ಗೆ ನಾಗಮಣಿ ಅಂಜಿಕೊಂಡೇ ಟೀ ಕಾಸಿ, ಲೋಟವನ್ನು ಅವರ ಮುಂದಿಟ್ಟು ದೂರ ನಿಂತಳು. ಅವಳ ಕೈಯಿಂದ ಇವರು ಕುಡಿಯುತ್ತಾರೋ ಇಲ್ಲವೋ? ನೀಲಾವತಿ ಪೇಪರು ಓದುತ್ತಾ ಗುಟುಕರಿಸಿ ಮುಖ ಸಿಂಡರಿಸಿದರು.

"ಇಷ್ಟೊಂದು ಸಕ್ಕರೆ ಯಾರಿಗಮ್ಮ? ನನಗೆ ಶುಗರ್ ಇದೆ," ಅಂದರು. ಅಂದು, ಪೂರ್ತಿ ಕುಡಿದರು.

ನಾಗಮಣಿ ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಹತ್ತು ವರ್ಷದಲ್ಲಿ ಅಷ್ಟು ಹಾಯಾಗಿ ಅತ್ತಿರಲಿಲ್ಲ.

ಆಮೇಲೆ ಅಲೆದಾಟ. ಆಧಾರು, ರೇಷನ್ ಕಾರ್ಡು, ಬ್ಯಾಂಕು. ಎಲ್ಲಿ ಹೋದರೂ ತೀರ್ಪು ತೋರಿಸಬೇಕು, ಎಲ್ಲರೂ ಕೊನೇ ಪುಟ ತಿರುವಿ 'ಹೂಂ, ಬಿಟ್ಟಿದ್ದಾರೆ' ಅನ್ನಬೇಕು. ನೀಲಾವತಿ ಜೊತೆಗೆ ಹೋಗಿ ಜಗಳವಾಡಿ ಕೆಲಸ ಮಾಡಿಸಿದರು. ಜೈಲಿನಲ್ಲಿ ಕಲಿತ ಹೊಲಿಗೆ ಕೈಹಿಡಿಯಿತು. ಮಹಿಳಾ ಸಂಘದವರು ಸ್ಕೂಲು ಯೂನಿಫಾರಂ ಹೊಲಿಯುವ ಕಡೆ ಒಂದು ಮಿಷನ್ನು ಸಿಕ್ಕಿತು. ಅಲ್ಲಿನ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಒಬ್ಬರದೊಬ್ಬರು ಹಂಚಿಕೊಳ್ಳುತ್ತಿದ್ದರು, ಇವಳ ಬುತ್ತಿಗೆ ಮಾತ್ರ ಕೈ ಹಾಕುತ್ತಿರಲಿಲ್ಲ. ಅದನ್ನೂ ನುಂಗಿಕೊಂಡಳು. ಅವಳ ಮನಸ್ಸೆಲ್ಲ ಇದ್ದದ್ದು ಅದೇ ಊರಿನ ಆಚೆ ತುದಿಯಲ್ಲಿದ್ದ ಹುಡುಗಿಯರ ಹಾಸ್ಟೆಲಿನಲ್ಲಿ.

ಭಾನುವಾರ ಹೋದಳು. ವಾರ್ಡನ್ ಪವಿತ್ರ ಒಳಗೆ ಹೋಗಿ ಬಂದು, "ಬರಲ್ಲ ಅಂತಾಳಮ್ಮ," ಅಂದಳು.

"ಬಲವಂತ ಬ್ಯಾಡ ಕಣವ್ವ. ಇಲ್ಲೇ ವಸಿ ಕೂತಿರ್ತಿನಿ."

ಗೇಟಿನ ಒಳಗಿನ ಕಲ್ಲುಬೆಂಚಿನ ಮೇಲೆ ಕೂತಳು. ಹುಡುಗಿಯರು ಬರುತ್ತಿದ್ದರು, ಹೋಗುತ್ತಿದ್ದರು. ನೀಲಿ ಚೂಡಿದಾರದವಳಾ? ಅಲ್ಲ, ಇವಳು ಕುಳ್ಳಿ. ಆ ಫೋನಿನಲ್ಲಿ ನಗುತ್ತಿರುವವಳಾ? ಅಯ್ಯೋ ದೇವರೇ, ಹೆತ್ತ ಮಗಳು ಎದುರಿಗೇ ಹಾದುಹೋದರೂ ಗುರುತು ಸಿಗದಂಥ ಪಾಪ ಏನು ಮಾಡಿದ್ದೆ? ಅವಳಿಗೆ ಗೊತ್ತಿದ್ದ ಮುಖಕ್ಕೆ ಏಳು ವರ್ಷ. ಆ ಮುಖವನ್ನು ಎಳೆದು, ಉದ್ದ ಮಾಡಿ, ಬಂದ ಬಂದ ಹುಡುಗಿಗೆಲ್ಲ ಹೊಂದಿಸಿ ನೋಡಿದಳು. ಯಾರಿಗೂ ಹೊಂದಲಿಲ್ಲ. ಆರು ಗಂಟೆಗೆ ಎದ್ದು ಬಂದಳು. ಮುಂದಿನ ಭಾನುವಾರವೂ ಅದೇ ಆಯಿತು.

ಆ ಸಂಜೆ ಉಣ್ಣದೆ ಕೂತವಳನ್ನು ನೋಡಿ ನೀಲಾವತಿಗೆ ಸಿಟ್ಟೇ ಬಂತು. "ಆ ತೀರ್ಪು ಕೊಡು ಇಲ್ಲಿ. ಹುಡುಗಿಗೆ ನಾನೇ ಕನ್ನಡದಲ್ಲಿ ಒಂದು ಕಾಗದ ಬರೀತೀನಿ, ನಿಮ್ಮಮ್ಮನ್ನ ಯಾಕೆ ಬಿಟ್ಟರು ಅಂತ."

ಕನ್ನಡಕ ಹಾಕಿಕೊಂಡು ಮೊದಲನೇ ಪುಟದಿಂದ ಶುರುಮಾಡಿದರು. ಪಾಪ, ಅವರೂ ಅಲ್ಲಿವರೆಗೆ ಕೊನೇ ಪುಟ ಓದಿದವರೇ. ಗಂಟೆ ಕಳೆದ ಮೇಲೆ ಒಂದು ಕಡೆ ಬೆರಳು ನಿಂತಿತು.

"ನಾಗಮಣಿ, ನಿನ್ನ ಬಿಡಿಸಿದ್ದು ಯಾರು ಗೊತ್ತಾ?"

"ಬೆಂಗ್ಳೂರು ಲಾಯರಮ್ಮ."

"ಅಲ್ಲ ಕಣೆ, ನಿನ್ನ ಮಗಳು."

ಮೂವತ್ತೊಂಬತ್ತನೇ ಪುಟದಲ್ಲಿತ್ತು. ಎಂಟು ವರ್ಷದ ಸಾಕ್ಷಿ ಎರಡು ಮಾತು ಹೇಳಿತ್ತು. ಬಡಿಸಿದ್ದು ಅವ್ವ ಅನ್ನುವುದು ಒಂದು. ಯಾರೂ ಕೇಳದೆ ತಾನಾಗಿ ಹೇಳಿದ್ದು ಇನ್ನೊಂದು: ಅಪ್ಪ ಉಂಡ ಮೇಲೆ ಅವ್ವನೂ ಅದೇ ತಟ್ಟೆಯಲ್ಲಿ ಅದೇ ಸಾರು ಉಂಡಳು. ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಉಣ್ಣುವುದು ಆ ಕಡೆ ಎಷ್ಟೋ ಮನೆಗಳ ವಾಡಿಕೆ. ಎಲ್ಲರಿಗೂ ಗೊತ್ತು, ಗೊತ್ತಿದ್ದದ್ದಕ್ಕೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಗಮಣಿ ತಾನೇ ಹೇಳಿದ್ದನ್ನು ಆರೋಪಿಯ ಮಾತು ಅಂತ ತಳ್ಳಿಹಾಕಿದ್ದರು. ಸಾರಿನಲ್ಲಿ ವಿಷವಿದ್ದಿದ್ದರೆ ಉಂಡ ಹೆಂಡತಿ ಹೇಗೆ ಉಳಿದಳು, ಹಗಲೆಲ್ಲ ಬರಿಮೈಯಲ್ಲಿ ಔಷಧಿ ಹೊಡೆದವನ ಮೈಗೆ ವಿಷ ಹತ್ತಿರಬಾರದೇಕೆ ಅಂತ ಹೈಕೋರ್ಟು ಕೇಳಿತ್ತು. ಕೆಳಗಿನ ಕೋರ್ಟು ಮಗುವಿನ ಮೊದಲ ಮಾತು ಹಿಡಿದು ಎರಡನೆಯದನ್ನು ಕೈಬಿಟ್ಟಿತ್ತು.

ನಾಗಮಣಿ ನಕ್ಕಳು, ಅತ್ತಳು, ಕೊನೆಗೆ ಸೆರಗು ಬಾಯಿಗೊತ್ತಿಕೊಂಡು ಕೇಳಿದಳು. "ಅಲ್ಲಾ ಟೀಚರಮ್ಮ, ಇಷ್ಟು ವರ್ಸವೂ ಈ ಮಾತು ಫೈಲಲ್ಲೇ ಬಿದ್ದಿತ್ತಾ?"

ಬಿದ್ದಿತ್ತು. ಹತ್ತು ವರ್ಷ ಕಣ್ರೀ, ಒಂದು ಹೆಣ್ಣಿನ ಹತ್ತು ವರ್ಷ! ನನಗಂತೂ ಇದನ್ನು ಹೇಳುವಾಗಲೆಲ್ಲ ಮೈ ಉರಿಯುತ್ತದೆ.

ಮೂರನೇ ಭಾನುವಾರ ನಾಗಮಣಿ ಆ ಒಂದು ಪುಟವನ್ನು ಮಾತ್ರ ತೆಗೆದುಕೊಂಡು ಹೋದಳು. ನೀಲಾವತಿ ಪೆನ್ಸಿಲ್ಲಿನಲ್ಲಿ ಗೀಟು ಹಾಕಿಕೊಟ್ಟಿದ್ದರು.

"ಬರದ್ ಬ್ಯಾಡ ಅನ್ನವ್ವ," ಅಂದಳು ಪವಿತ್ರಳಿಗೆ. "ಇದೊಂದು ಓದ್ಕೊಂಡು ವಾಪಸ್ ಕಳುಸ್ಲಿ."

ಕಾಗದ ಒಳಗೆ ಹೋಯಿತು. ಎಷ್ಟು ಹೊತ್ತಾಯಿತೋ, ಮೆಟ್ಟಿಲ ಹತ್ತಿರ ಒಬ್ಬಳು ಹುಡುಗಿ ಬಂದು ನಿಂತಳು. ಎತ್ತರದ ಹುಡುಗಿ. ಹಣೆ ರಾಜಣ್ಣನದೇ. ಹೊಂದಿಸಿ ನೋಡುವ ಕೆಲಸವೇ ಬೀಳಲಿಲ್ಲ. ನಾಗಮಣಿ ಎದ್ದು ನಿಂತಳು, ಮುಟ್ಟುವ ಧೈರ್ಯ ಬರಲಿಲ್ಲ.

"ಇದು ನಿಜ್ವಾ?" ಶಿವರಂಜಿನಿ ಕಾಗದವನ್ನು ಮುಂದೆ ಚಾಚಿದಳು.

"ನಂಗೆಲ್ಲಿ ಇಂಗ್ಲೀಸ್ ಬತ್ತದೆ ಮಗ? ಟೀಚರಮ್ಮ ಓದುದ್ರು." ನಾಗಮಣಿ ಎರಡು ಹೆಜ್ಜೆ ಹಿಂದೆ ಸರಿದಳು. "ನನ್ ಕಂಡು ಎದ್ರುಕೋಬ್ಯಾಡ. ನಾ ನಿಮ್ಮಪ್ಪುಂಗೆ ಏನೂ ಮಾಡ್ನಿಲ್ಲ ಕಣವ್ವ."

"ಅದು ನಂಗೊತ್ತು."

"ಗೊತ್ತಾ?"

"ನೀನೂ ಉಣ್ಲಿಲ್ವಾ? ನಾ ನೋಡ್ತಾನೇ ಕೂತಿದ್ನಲ್ಲ." ಹುಡುಗಿ ಗೀಟು ಹಾಕಿದ ಸಾಲಿನ ಮೇಲೆ ಬೆರಳಿಟ್ಟಳು. "ಕೋರ್ಟಲ್ಲಿ ಬಡ್ಸಿದ್ದು ಅವ್ವ ಅಂದೆ. ಅಷ್ಟೇ ನೆಪ್ಪು ನಂಗೆ. ನೀನು ಉಂಡುದ್ನ ಏಳ್ನೇ ಇಲ್ಲ, ಏಳಿದ್ರೆ ಬುಟ್ಬುಡ್ತಿದ್ರು, ನಾನೇ ಬಾಯ್ಮುಚ್ಕೊಂಡು ಬಂದ್ಬುಟ್ಟೆ ಅಂತ್ಲೇ ಇದ್ದೆ. ಯಾರಾದ್ರೂ ನಿನ್ನ ಎಸ್ರೆತ್ತುದ್ರೆ ನಂಗೆ ಅಲ್ಲಿ ಕೂರಕಾಗ್ತಿರ್ನಿಲ್ಲ. ಯಾವ ಮಕ ಇಟ್ಕೊಂಡು ನಿನ್ ಮುಂದ್ಕೆ ಬರ್ಲಿ?"

ನಾಗಮಣಿಗೆ ಈಗ ಹೊಳೆಯಿತು. ತಾನು ಒಳಗಿದ್ದಷ್ಟು ವರ್ಷವೂ ಈ ಮಗು ಹೊರಗೆ ತಾನೇ ಹಾಕಿಕೊಂಡ ಶಿಕ್ಷೆ ಅನುಭವಿಸಿತ್ತು. ಯಾವ ಕೋರ್ಟು ಕೊಟ್ಟದ್ದೂ ಅಲ್ಲ, ಬಿಡಿಸುವ ಲಾಯರೂ ಇಲ್ಲ.

"ನಾನ್ ಏಳಿದ್ನಾ ಅವ್ವ? ನಿಜ್ವಾಗ್ಲೂ ಏಳಿದ್ನಾ?"

ನಾಗಮಣಿ ಮಗಳ ಎರಡೂ ಕೆನ್ನೆ ಹಿಡಿದುಕೊಂಡಳು. "ಏಳಿದ್ದೆ ಕಣವ್ವ. ಇಷ್ಟುದ್ದ ಇದ್ದೆ, ಅಷ್ಟು ಜನದ್ ನಡುವೆ ನಿಂತ್ಕೊಂಡು ಏಳಿದ್ದೆ. ಅವ್ರು ಕೇಳುಸ್ಕಳ್ನಿಲ್ಲ. ನೀ ಏಳಿದ್ದೆ."

ಶಿವರಂಜಿನಿ ಕಾಗದವನ್ನು ವಾಪಸ್ಸು ಕೊಡಲಿಲ್ಲ. ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತು, "ಇನ್ನೊಂದ್ ಸಲ ಏಳು," ಅಂದಳು.

ನಾಗಮಣಿ ಇನ್ನೊಂದು ಸಲ ಹೇಳಿದಳು.