ಗುರುಗಳು ಹೇಳಿದ್ದು

ಅಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಡಾಕ್ಟರು ಕೊಟ್ಟಿದ್ದ ಎರಡು ತಾರೀಖುಗಳನ್ನು ಅವಳು ಸುಮ್ಮನೆ ದಾಟಿಸಿಬಿಟ್ಟಳು. ಇನ್ನೂ ತಡ ಮಾಡಿದರೆ ಕಷ್ಟ ಎಂದು ಬೈದು, ಶನಿವಾರದ ದಿನ ಡಾಕ್ಟರೇ ಮತ್ತೊಂದು ತಾರೀಖು ಬರೆದುಕೊಟ್ಟರು: ಬರುವ ಶುಕ್ರವಾರ. ಅಮ್ಮನದು ಒಂದೇ ಹಟ, "ಗುರುಗಳು ಹೂಂ ಅನ್ನಲಿ."

ಸೋಮವಾರ ಮತ್ತೆ ಭದ್ರಾವತಿಯಿಂದ ಬಸ್ಸು, ಮತ್ತೆ ದುರ್ಗಿಗುಡಿಯಲ್ಲಿ ಗುರುಗಳ ಆ ಮಹಡಿ ಮನೆ, ಮತ್ತೆ ಚಾಪೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಜನರೆದುರು ಮಾತು ಬರುವುದಿಲ್ಲ. ಗೋಡೆಗೆ ಒರಗಿ ನೋಡುತ್ತಾ ಕೂರುತ್ತೇನೆ. ಆರು ತಿಂಗಳು ನೋಡಿದ ಮೇಲೆ ಗೊತ್ತಾಗಿದ್ದು, ಓಂಕಾರಪ್ಪ ಗುರುಗಳು ಏನೂ ಹೇಳುವುದೇ ಇಲ್ಲ.

ಹೋದ ವಾರವೂ ಅಷ್ಟೇ. "ಬುದ್ಧಿ, ಕಣ್ಣು..." ಎಂದು ಅಮ್ಮ ಶುರು ಮಾಡಿದಳು.

"ಕಣ್ಣು," ಎಂದರು. ಆಮೇಲೆ, "ನಿನಗೇನು ಅನಿಸುತ್ತಮ್ಮ?"

"ಭಯ ಆಗುತ್ತೆ ಬುದ್ಧಿ."

"ಭಯ," ಎಂದು ಕಣ್ಣು ಮುಚ್ಚಿಕೊಂಡರು.

ಮೆಟ್ಟಿಲು ಇಳಿಯುವಾಗ ನಮ್ಮ ಹಾಗೇ ಪ್ರತಿ ವಾರ ಬರುವ ವಿದ್ಯಾನಗರದ ಕಾಶಮ್ಮ ಅದಕ್ಕೆ ಅರ್ಥ ಹೇಳಿದರು, "ಈಗ ಬೇಡ ಅಂತ ಮಾರಾಯ್ತಿ, ಅಷ್ಟೂ ತಿಳಿಯಲ್ವಾ?" ಪ್ರತಿ ಸಲವೂ ಹೀಗೇ. ಮುಂದಿನ ಸಲ ಅಮ್ಮ ಗುರುಗಳೆದುರು ಹೋಗಿ, "ನೀವು ಬೇಡ ಅಂದ್ರಿ, ಬಿಟ್ಟೆ," ಅನ್ನುತ್ತಾಳೆ. 'ನಾನೆಲ್ಲಿ ಹಾಗಂದೆ?' ಎಂದು ಗುರುಗಳು ಒಮ್ಮೆಯೂ ಕೇಳಿದ್ದಿಲ್ಲ.

ಈ ಸೋಮವಾರ ಬೆಳಿಗ್ಗೆ ಅಮ್ಮ ಕಣ್ಣು ಕಾಣದೆ ಕಾದ ದೋಸೆ ಹಂಚಿನ ಮೇಲೆ ಅಂಗೈ ಇಟ್ಟಿದ್ದಳು. ಬೊಬ್ಬೆ ಎದ್ದ ಆ ಕೈಯನ್ನೇ ಮುಗಿದು, "ಮೊನ್ನೆ ಡಾಕ್ಟರು ಶುಕ್ರವಾರ ಅಂತ ಬರ್ಕೊಟ್ರು ಬುದ್ಧಿ," ಅಂದಳು.

"ಶುಕ್ರವಾರ," ಅಂದರು ಗುರುಗಳು.

ನನಗೆ ರೇಗಿಹೋಯಿತು. ಎದ್ದು ನಿಂತೇಬಿಟ್ಟೆ.

"ಹೋದ ವಾರ ನೀವೇ ಹೇಳಿದ್ರಲ್ಲ ಬುದ್ಧಿ, ಶುಕ್ರವಾರ ಆಪರೇಷನ್ ಮಾಡಿಸು ಅಂತ. ಅಮ್ಮ ಮರ್ತಿದಾಳೆ."

ಚಾಪೆ ಮೇಲಿದ್ದವರೆಲ್ಲ ತಿರುಗಿದರು. ಗುರುಗಳು ನನ್ನನ್ನೇ ದಿಟ್ಟಿಸಿದರು. ನಾನು ಕಣ್ಣು ತಗ್ಗಿಸಲಿಲ್ಲ.

"ಹೇಳಿದ್ದೆ," ಅಂದರು.

"ನೋಡ್ರೀ, ಡಾಕ್ಟರಿಗಿಂತ ಮುಂಚೆನೇ ದಿನ ಹೇಳಿದಾರೆ!" ಕಾಶಮ್ಮ ಕೆನ್ನೆ ಕೆನ್ನೆ ಬಡಿದುಕೊಂಡರು. "ನಾನೇ ಕಿವಿಯಾರೆ ಕೇಳಿದೀನಿ."

ಶುಕ್ರವಾರ ಒಂದು ಕಣ್ಣು ಆಯಿತು. ಪಟ್ಟಿ ಬಿಚ್ಚಿದ ಮೇಲೆ ಅಮ್ಮ ನನ್ನ ಮುಖ ನೋಡಿ, "ಸೊರಗಿದೀಯಲ್ಲೇ ಕವನ," ಅಂದಳು. ನನಗೆ ಅಳು ಬಂತು. ಅಷ್ಟರಲ್ಲೇ ಅವಳು, "ಎಲ್ಲ ಗುರುಗಳ ದಯೆ ಕಣೇ. ಸೋಮವಾರ ಹೋಗೋಣ, ಇನ್ನೊಂದು ಕಣ್ಣಿಗೂ ಕೇಳಬೇಕು," ಅಂದಳು.

ಕಣ್ಣೊರೆಸಿಕೊಂಡೆ.

"ಕೇಳೋದೇನಿಲ್ಲಮ್ಮ, ಅವತ್ತೇ ಹೇಳಿದಾರೆ. ಡಾಕ್ಟರು ಯಾವತ್ತು ಅಂತಾರೋ ಅವತ್ತು."